ಎಇಎಂ ವೈಡ್‌ಬ್ಯಾಂಡ್ ಗೇಜ್, ಜೊತೆಗೆ ಫ್ಯೂಯಲ್ ಪ್ರೆಷರ್ ಗೇಜ್: ಒಂದನ್ನೇ ಕೊಂಡರೆ ಅರ್ಧ ಉತ್ತರ

ಟರ್ಬೊ ಪೆಟ್ರೋಲ್ ಗಾಡಿಗೆ ಮ್ಯಾಪ್ (ಎಂಜಿನ್ ಕಂಪ್ಯೂಟರಿನೊಳಗಿನ ಪೆಟ್ರೋಲ್, ಸ್ಪಾರ್ಕಿನ ಲೆಕ್ಕಪಟ್ಟಿ) ಬದಲಿಸಿ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರಿಸಿದ ಮೇಲೆ ಮೊದಲು ಯಾವ ಮೀಟರ್ ಹಾಕಿಸಬೇಕು ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ವೈಡ್‌ಬ್ಯಾಂಡ್, ಅಂದರೆ ಹೊಗೆಯಲ್ಲಿನ ಆಮ್ಲಜನಕ ನೋಡಿ ಗಾಳಿ-ಪೆಟ್ರೋಲ್ ಪ್ರಮಾಣ ಅಳೆಯುವ ಮೀಟರ್, ಅನ್ನುತ್ತಾರೆ. ಉತ್ತರ ತಪ್ಪಲ್ಲ, ಅರ್ಧ ಅಷ್ಟೇ. ಮಿಕ್ಸ್ಚರ್ ಲೀನ್ ಆಗಿದೆ (ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು; ಇದರ ತಿರುವುಮುರುವು ರಿಚ್) ಎಂಬುದನ್ನು ವೈಡ್‌ಬ್ಯಾಂಡ್ ನಿಖರವಾಗಿ ತೋರಿಸುತ್ತದೆ. ಪಂಪ್ ಸೋತಿದೆಯೋ, ಫಿಲ್ಟರ್ ಕಟ್ಟಿದೆಯೋ, ಪೆಟ್ರೋಲ್ ಪ್ರೆಷರ್ ಹಿಡಿದಿಡುವ ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸ್ ಕಳಚಿದೆಯೋ, ಇಂಜೆಕ್ಟರಿಗೆ ತಾಕತ್ತು ಸಾಲುತ್ತಿಲ್ಲವೋ, ಅಥವಾ ಪ್ಲಗ್ ಮಿಸ್ ಹೊಡೆಯುತ್ತಿದೆಯೋ ಎಂಬುದನ್ನು ಅದು ತೋರಿಸಲಾರದು. ಅದಕ್ಕೆ ಪಕ್ಕದಲ್ಲಿ ಫ್ಯೂಯಲ್ ಪ್ರೆಷರ್ ಕಾಣಬೇಕು. ಎಇಎಂ ಕಂಪನಿಯ ಎಕ್ಸ್-ಸೀರೀಸ್ ವೈಡ್‌ಬ್ಯಾಂಡ್ ಗೇಜನ್ನು, ಅಂದರೆ 30-0300 ನಂಬರಿನ ಕಿಟ್ಟನ್ನು, ಈ ವಿಮರ್ಶೆ ಅದೇ ದೃಷ್ಟಿಯಿಂದ ನೋಡುತ್ತದೆ: ಡ್ಯಾಶ್‌ಬೋರ್ಡಿನಲ್ಲಿ ಎಷ್ಟು ಚಂದ ಕಾಣುತ್ತದೆ ಎಂದಲ್ಲ, ಗಾಡಿಯ ರೋಗ ಹಿಡಿಯಲು ಎಷ್ಟು ನೆರವಾಗುತ್ತದೆ ಎಂದು.

ಕಿಟ್ಟಿನಲ್ಲಿ 52 ಮಿಲಿಮೀಟರ್ ಗೇಜ್, ಬಾಷ್ ಎಲ್‌ಎಸ್‌ಯು 4.9 ಸೆನ್ಸರ್, ವೈರಿಂಗ್ ಮತ್ತು ಸೈಲೆನ್ಸರ್ ಪೈಪಿಗೆ ವೆಲ್ಡ್ ಮಾಡುವ ಬಂಗ್ (ಸೆನ್ಸರ್ ತಿರುಗಿಸಿ ಕೂರಿಸುವ ಥ್ರೆಡ್ ಬಳೆ) ಇರುತ್ತವೆ. ನಡುವೆ ದೊಡ್ಡ ಅಂಕಿ, ಸುತ್ತ ಮುಳ್ಳಿನಂತೆ ಓಡುವ ಎಲ್‌ಇಡಿ. ಅಮೆರಿಕದಲ್ಲಿ ಬೆಲೆ ಸುಮಾರು 200 ಡಾಲರ್. ಇಲ್ಲಿಗೆ ಬರುವಷ್ಟರಲ್ಲಿ ಸಾಗಣೆ, ಕಸ್ಟಮ್ಸ್ ಸೇರಿ ಗಣನೀಯವಾಗಿ ಏರುತ್ತದೆ. ಗಾಡಿಯಲ್ಲಿ ಮೊದಲೇ ಇರುವ ಸಾಮಾನ್ಯ ನ್ಯಾರೋಬ್ಯಾಂಡ್ ಆಕ್ಸಿಜನ್ ಸೆನ್ಸರ್ ಸರಿಸುಮಾರು 0.1ರಿಂದ 0.9 ವೋಲ್ಟ್ ನಡುವೆ ಹಾರುತ್ತಾ ರಿಚ್ ಅಥವಾ ಲೀನ್ ಎಂದಷ್ಟೇ ಹೇಳುತ್ತದೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಎಷ್ಟು ರಿಚ್ ಎಂದು ತಿಳಿಯುವುದೇ ನಮಗೆ ಬೇಕಾದ್ದು, ಆ ಕೆಲಸ ಅದರಿಂದಾಗದು. ಎಲ್‌ಎಸ್‌ಯು 4.9ರ ಇನ್ನೊಂದು ಅನುಕೂಲವೆಂದರೆ, ಹಳೆಯ ಕೆಲವು ವೈಡ್‌ಬ್ಯಾಂಡ್‌ಗಳಂತೆ ಆಗಾಗ ಬಿಚ್ಚಿ ಹೊರಗಾಳಿಯಲ್ಲಿ ಕ್ಯಾಲಿಬ್ರೇಟ್ ಮಾಡುವ ಗೋಜಿಲ್ಲ.

ಫಿಟ್ಟಿಂಗ್ ಕೆಟ್ಟರೆ ಎಲ್ಲವೂ ಕೆಟ್ಟಿತು

ಈ ಗೇಜಿನ ಬಗ್ಗೆ ಕೇಳಿಬರುವ ದೂರುಗಳಲ್ಲಿ ಬಹುಪಾಲು ಫಿಟ್ಟಿಂಗಿನ ತಪ್ಪುಗಳೇ. ಸೆನ್ಸರ್ ಟರ್ಬೊ ಆದ ಮೇಲೆ, ಡೌನ್‌ಪೈಪಿನಲ್ಲಿ, ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮೊದಲು ಕೂರಬೇಕು. ಟರ್ಬೊಗಿಂತ ಮೊದಲು ಹಾಕಿದರೆ ಅಲ್ಲಿನ ಒತ್ತಡ ರೀಡಿಂಗನ್ನು ಹಿಗ್ಗಿಸುತ್ತದೆ: ರಿಚ್ ಇದ್ದದ್ದು ಇನ್ನೂ ರಿಚ್, ಲೀನ್ ಇದ್ದದ್ದು ಇನ್ನೂ ಲೀನ್ ಆಗಿ ಕಾಣುತ್ತದೆ, ಬಿಸಿಗೆ ಸೆನ್ಸರೂ ಬೇಗ ಸಾಯುತ್ತದೆ. ಕನ್ವರ್ಟರ್ ಆದ ಮೇಲೆ ಹಾಕಿದರೆ ಉಳಿದ ಆಮ್ಲಜನಕವನ್ನೆಲ್ಲ ಅದು ತಿಂದುಹಾಕಿರುತ್ತದೆ. ಟರ್ಬೊದಿಂದ ಎರಡು ಮೂರು ಅಡಿ ದೂರ ಒಳ್ಳೆಯ ಜಾಗ. ಬಂಗನ್ನು ಪೈಪಿನ ಮೇಲ್ಭಾಗಕ್ಕೆ ವೆಲ್ಡ್ ಮಾಡಿ, ಸೆನ್ಸರ್ ಅಡ್ಡರೇಖೆಗಿಂತ ಕನಿಷ್ಠ 10 ಡಿಗ್ರಿ ಮೇಲೆ ವಾಲಿರಲಿ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆದಾಗ ಪೈಪಿನೊಳಗೆ ನೀರು ಕಟ್ಟುತ್ತದೆ. ಆ ಹನಿ ಕಾದ ಸೆರಾಮಿಕ್ ಮೇಲೆ ಬಿದ್ದರೆ ಕಾದ ಹಂಚಿಗೆ ನೀರು ಚಿಮುಕಿಸಿದಂತೆಯೇ, ಒಳಗೇ ಸೀಳು ಬಿಡುತ್ತದೆ. ಥ್ರೆಡ್ ಅಳತೆ ಎಂ18, 1.5 ಪಿಚ್, ಬಿಗಿತ 40ರಿಂದ 60 ನ್ಯೂಟನ್ ಮೀಟರ್.

ಎರಡನೆಯ ಮಾತು, ಸೆನ್ಸರ್ ಪೈಪಿನಲ್ಲಿದ್ದು ಗೇಜಿಗೆ ಕರೆಂಟ್ ಇಲ್ಲದೆ ಗಾಡಿ ಓಡಿಸಬಾರದು. ಹೀಟರ್ ಆಫ್ ಆಗಿರುವ ಸೆನ್ಸರಿಗೆ ಮಸಿ ಹಿಡಿದು ಕೆಲವೇ ದಿನಗಳಲ್ಲಿ ಮಂಕಾಗುತ್ತದೆ. ಗೇಜ್ ಬಿಚ್ಚಿಟ್ಟರೆ ಸೆನ್ಸರನ್ನೂ ಬಿಚ್ಚಿ ಬಂಗಿಗೆ ಬೋಲ್ಟ್ ಹಾಕಿ. ಸೆನ್ಸರಿನ ಕನೆಕ್ಟರ್ ಕತ್ತರಿಸಿ ವೈರ್ ಉದ್ದ ಮಾಡುವವರಿದ್ದಾರೆ; ಆ ಕನೆಕ್ಟರಿನೊಳಗೇ ಆಯಾ ಸೆನ್ಸರಿಗೆ ಹೊಂದಿಸಿದ ರೆಸಿಸ್ಟರ್ ಕೂತಿದೆ, ಅದನ್ನು ಕತ್ತರಿಸಿ ಬಿಸಾಡಿದರೆ ಸೆನ್ಸರ್ ಕಥೆ ಮುಗಿದಂತೆ. ಬದಲಿ ಸೆನ್ಸರ್ ಕೊಳ್ಳುವಾಗ ಬಾಷ್ ನಂಬರ್ 0 258 017 025 ನೋಡಿಕೊಳ್ಳಿ. ಅರ್ಧ ಬೆಲೆಗೆ ಸಿಗುವ ನಕಲಿ ಮಾಲು ಹೊರನೋಟಕ್ಕೆ ತದ್ರೂಪ. ನಂಬಿದ ಅಂಗಡಿಯಿಂದ ಬಿಲ್ ಸಮೇತ ತರುವುದೊಂದೇ ದಾರಿ.

ಇನ್ನು ವೈರಿಂಗ್. ಈ ಗೇಜಿನಿಂದ 0-5 ವೋಲ್ಟ್ ಅನಲಾಗ್ ಸಿಗ್ನಲ್ ಮತ್ತು ಕ್ಯಾನ್ ಬಸ್ (ಡಿಜಿಟಲ್ ಸಂದೇಶದ ಜಾಲ) ಎರಡೂ ಹೊರಬರುತ್ತವೆ. ಇಸಿಯುಗೋ (ಎಂಜಿನ್ ಕಂಪ್ಯೂಟರ್) ಲಾಗರಿಗೋ (ಅಂಕಿ ದಾಖಲಿಸುವ ಸಾಧನ) ಅನಲಾಗ್ ಜೋಡಿಸುವವರು ಎಡವುವ ಜಾಗ ಇದು: ಎಎಫ್‌ಆರ್ ಅಂದರೆ ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಎಂಬ ಅಂಕಿ, ಎಕ್ಸ್-ಸೀರೀಸಿನ ಲೆಕ್ಕ ಎಎಫ್‌ಆರ್ = 2.375 × ವೋಲ್ಟ್ + 7.3125. ಹಿಂದಿನ 30-4110 ಗೇಜಿನ ಲೆಕ್ಕ ಎಎಫ್‌ಆರ್ = 2 × ವೋಲ್ಟ್ + 10. ಹಳೆಯ ಸೂತ್ರವನ್ನೇ ಸಾಫ್ಟ್‌ವೇರಿನಲ್ಲಿ ಬಿಟ್ಟರೆ, ಗೇಜಿನ ಮೇಲೆ 12.0 ಇದ್ದಾಗ ಲ್ಯಾಪ್‌ಟಾಪ್ 13.9 ತೋರಿಸುತ್ತದೆ. ಅದನ್ನು ನಂಬಿ ಟ್ಯೂನರ್ ಪೆಟ್ರೋಲ್ ಸುರಿದರೆ ಎಂಜಿನ್ ಕಪ್ಪು ಹೊಗೆ ಕಾರುತ್ತದೆ. ಸಿಗ್ನಲಿನ ನೆಗೆಟಿವ್ ವೈರನ್ನು ಗಾಡಿಯ ಬಾಡಿಗೆ ಅರ್ಥ್ ಮಾಡದೆ ಇಸಿಯುವಿನ ಸೆನ್ಸರ್ ಗ್ರೌಂಡಿಗೇ ಕೊಡಿ. ಅರ್ಥಿಂಗಿನಲ್ಲಿ 0.1 ವೋಲ್ಟ್ ವ್ಯತ್ಯಾಸ ಬಂದರೂ ಎಎಫ್‌ಆರ್ ಸುಮಾರು 0.24 ಸರಿಯುತ್ತದೆ. ಐಡಲಿಂಗಿನಲ್ಲಿ ಗೇಜಿನ ಅಂಕಿ, ಲಾಗಿನ ಅಂಕಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ತಾಳೆಯಾದ ಮೇಲೆಯೇ ಮುಂದಿನ ಕೆಲಸ.

14.7 ಎಂಬ ಅಂಕಿ ಮತ್ತು ನಮ್ಮ ಬಂಕಿನ ಪೆಟ್ರೋಲ್

ಗೇಜನ್ನು ಎಎಫ್‌ಆರ್ ಬದಲು ಲ್ಯಾಂಬ್ಡಾದಲ್ಲಿ (ಪೆಟ್ರೋಲೂ ಗಾಳಿಯೂ ಪೂರ್ತಿ ಉರಿದು ಮುಗಿಯುವ ಸಮ ಮಿಕ್ಸ್ಚರಿಗೆ 1, ರಿಚ್ ಆದರೆ ಅದಕ್ಕಿಂತ ಕಡಿಮೆ, ಲೀನ್ ಆದರೆ ಹೆಚ್ಚು) ಇಟ್ಟುಕೊಳ್ಳಿ ಎಂಬುದು ನಮ್ಮ ಬಲವಾದ ಸಲಹೆ. ಸೆನ್ಸರ್ ಅಳೆಯುವುದೇ ಲ್ಯಾಂಬ್ಡಾವನ್ನು, 14.7ರಿಂದ ಗುಣಿಸಿ ಎಎಫ್‌ಆರ್ ಎಂದು ತೋರಿಸುವುದು ಗೇಜಿನ ಗಣಿತ. ಆ 14.7 ಶುದ್ಧ ಪೆಟ್ರೋಲಿನ ಅಂಕಿ. ಎಥನಾಲಿನದು 9. ಇ10, ಅಂದರೆ ಶೇ. 10 ಎಥನಾಲ್ ಬೆರೆತ ಪೆಟ್ರೋಲಿಗೆ ಅದು ಸುಮಾರು 14.1, ಇ20ಗೆ 13.5. ಟ್ಯಾಂಕಿನಲ್ಲಿ ಏನೇ ಇರಲಿ, ಮಿಕ್ಸ್ಚರ್ ಸಮವಾಗಿದ್ದರೆ ಪೆಟ್ರೋಲ್ ಸ್ಕೇಲಿನ ಗೇಜ್ 14.7 ಎಂದೇ ತೋರಿಸುತ್ತದೆ. ಇ20 ಹಾಕಿ, ಗೇಜಿನಲ್ಲಿ 13.5 ಬರಬೇಕು ಎಂದು ಮ್ಯಾಪ್ ತಿದ್ದಿದವರು ತಿಳಿಯದೆ ಎಂಜಿನ್ನನ್ನು ಶೇ. 8ರಷ್ಟು ರಿಚ್ ಮಾಡಿರುತ್ತಾರೆ. ಲ್ಯಾಂಬ್ಡಾ 1 ಅಂದರೆ ಎಲ್ಲ ಇಂಧನಕ್ಕೂ 1, ಗೊಂದಲವೇ ಇಲ್ಲ.

ಇದು ನಮ್ಮಲ್ಲಿ ಪುಸ್ತಕದ ಮಾತಾಗಿ ಉಳಿದಿಲ್ಲ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲೇ ಇ20 ಪೆಟ್ರೋಲ್ ಬಿಡುಗಡೆಯಾಯಿತು. ಈಗ ಮಾಮೂಲಿ ಪೆಟ್ರೋಲ್ ಅಂದರೆ ಅದೇ. ಇ10 ಕಾಲದಲ್ಲಿ ಡೈನೋ (ನಿಂತಲ್ಲೇ ಚಕ್ರ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಟ್ಯೂನ್ ಆದ ಗಾಡಿಗೆ ಇ20 ಬಿದ್ದರೆ ಅದೇ ಪಲ್ಸಿಗೆ (ಇಂಜೆಕ್ಟರ್ ತೆರೆದಿರುವ ಸಮಯ) ಮಿಕ್ಸ್ಚರ್ ಶೇ. 4ರಷ್ಟು ಲೀನ್ ಆಗುತ್ತದೆ, ಎಥನಾಲ್ ಇಲ್ಲದ ಪೆಟ್ರೋಲಿನಲ್ಲಿ ಟ್ಯೂನ್ ಆಗಿದ್ದರೆ ಶೇ. 7-8. ಸಾಧಾರಣ ಓಡಾಟದಲ್ಲಿ ಇಸಿಯು ಫ್ಯೂಯಲ್ ಟ್ರಿಮ್ಮಿನಿಂದ (ಆಕ್ಸಿಜನ್ ಸೆನ್ಸರ್ ನೋಡಿ ಪೆಟ್ರೋಲನ್ನು ತಾನೇ ಹೆಚ್ಚುಕಡಿಮೆ ಮಾಡುವ ತಿದ್ದುಪಡಿ) ಅದನ್ನು ಸರಿದೂಗಿಸುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ಓಪನ್ ಲೂಪ್, ಅಂದರೆ ಆ ಸೆನ್ಸರ್ ನೋಡದೆ, ಓಡುವ ಹಳೆಯ ಇಸಿಯುಗಳಲ್ಲಿ ಕೇಳುವವರೇ ಇಲ್ಲ; 0.80 ಇದ್ದ ಲ್ಯಾಂಬ್ಡಾ 0.86ರವರೆಗೂ ಏರುತ್ತದೆ. ಎಥನಾಲಿನ ಆಕ್ಟೇನ್ ಹೆಚ್ಚಿರುವುದರಿಂದ ತಕ್ಷಣ ನಾಕಿಂಗ್ ಬಾರದಿರಬಹುದು, ಆದರೆ ಆ ಮ್ಯಾಪ್ ಈಗ ನಿಮ್ಮ ಟ್ಯೂನರ್ ಬರೆದ ಮ್ಯಾಪ್ ಅಲ್ಲ.

ಆದ್ದರಿಂದ ಪ್ರೆಷರ್ ಹುಡುಕುವ ಮೊದಲು ಪೆಟ್ರೋಲನ್ನೇ ಒಮ್ಮೆ ಪರೀಕ್ಷಿಸಿ. 100 ಮಿಲಿಲೀಟರ್ ಅಳತೆಯ ಗಾಜಿನ ಸಿಲಿಂಡರಿಗೆ 10 ಮಿಲಿ ನೀರು, 90 ಮಿಲಿ ಪೆಟ್ರೋಲ್ ಹಾಕಿ, ಬಿರಡೆ ಮುಚ್ಚಿ ಚೆನ್ನಾಗಿ ಕುಲುಕಿ, ಆಗಾಗ ಬಿರಡೆ ಸಡಿಲಿಸಿ ಆವಿ ಬಿಡಿ. ಹತ್ತು ನಿಮಿಷ ನಿಲ್ಲಿಸಿದರೆ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಕೆಳಗಿಳಿದಿರುತ್ತದೆ. ಕೆಳಗಿನ ಪದರ 10ರಿಂದ 28ಕ್ಕೆ ಏರಿದ್ದರೆ 18 ಮಿಲಿ ಎಥನಾಲ್, 90ಕ್ಕೆ 18 ಅಂದರೆ ಶೇ. 20. ಪದರ 19ರ ಹತ್ತಿರ ನಿಂತರೆ ಇ10. ಕೆಲಸವನ್ನು ಬಯಲಲ್ಲಿ ಮಾಡಿ, ಹತ್ತಿರ ಬೆಂಕಿ, ಸ್ವಿಚ್ಚು ಏನೂ ಇರಬಾರದು.

ಎರಡನೆಯ ಗೇಜ್

ಫ್ಯೂಯಲ್ ಪ್ರೆಷರಿಗೆ ಎಇಎಂ ಎಕ್ಸ್-ಸೀರೀಸಿನದೇ ಗೇಜ್ ತೆಗೆದುಕೊಳ್ಳಬಹುದು, ಬೇರೆ ಒಳ್ಳೆಯ ಕಂಪನಿಯದೂ ಆದೀತು. ಮುಖ್ಯವಾದದ್ದು ಎಲೆಕ್ಟ್ರಿಕ್ ಸೆನ್ಸರ್ ಇರಬೇಕು ಎಂಬುದು. ಪೆಟ್ರೋಲ್ ಪೈಪನ್ನೇ ಕ್ಯಾಬಿನ್ನಿನೊಳಗೆ ಎಳೆದು ಮೆಕ್ಯಾನಿಕಲ್ ಗೇಜಿಗೆ ಜೋಡಿಸುವುದು ಜೀವದ ಜೊತೆ ಆಟ, ಎಂದಿಗೂ ಮಾಡಬೇಡಿ. 100 ಪಿಎಸ್ಐ ಸೆನ್ಸರ್ ಸಾಮಾನ್ಯವಾಗಿ ಸೊನ್ನೆಗೆ 0.5 ವೋಲ್ಟ್, ಪೂರ್ತಿಗೆ 4.5 ವೋಲ್ಟ್ ಕೊಡುತ್ತದೆ. ಪ್ರತಿ ಪಿಎಸ್ಐಗೆ 40 ಮಿಲಿವೋಲ್ಟ್. ಇದೂ ಲಾಗ್ ಆಗಬೇಕು, ಏಕೆಂದರೆ ಪೂರ್ತಿ ಥ್ರಾಟಲ್‌ನಲ್ಲಿ ಎರಡು ಸೆಕೆಂಡ್ ಕುಸಿದ ಪ್ರೆಷರ್ ಕಣ್ಣಿಗೆ ಸಿಗುವುದಿಲ್ಲ, ರಸ್ತೆ ನೋಡುವ ಕಣ್ಣು ಅತ್ತ ತಿರುಗಲೂಬಾರದು.

ಬಾನೆಟ್ಟಿನೊಳಗೆ ರೆಗ್ಯುಲೇಟರ್ ಮೇಲೆ ಕೂರಿಸುವ ಗ್ಲಿಸರಿನ್ ತುಂಬಿದ ಚಿಕ್ಕ ಗೇಜುಗಳು ಬೇಸ್ ಪ್ರೆಷರ್ (ವ್ಯಾಕ್ಯೂಮ್, ಬೂಸ್ಟ್ ಯಾವುದೂ ತಾಕದಾಗಿನ ಪ್ರೆಷರ್) ಹೊಂದಿಸಲು ಸಾಕು. ಎಂಜಿನ್ ಬಿಸಿಯಾದಂತೆ ಅವುಗಳ ಡಬ್ಬಿಯೊಳಗಿನ ದ್ರವ ಹಿಗ್ಗಿ ಮುಳ್ಳು ಕೆಳಗಿಳಿಯುತ್ತದೆ. ಬಿಸಿಯಾದ ಮೇಲೆ ಪ್ರೆಷರ್ ಬೀಳುತ್ತಿದೆ ಎಂದು ಹೊಸ ಪಂಪ್ ತರುವ ಮೊದಲು ಗೇಜಿನ ತಲೆಯ ಮೇಲಿನ ರಬ್ಬರ್ ಬಿರಡೆಯನ್ನು ಒಮ್ಮೆ ಸಡಿಲಿಸಿ ನೋಡಿ. ಸೆನ್ಸರನ್ನು ನೇರ ರೈಲಿಗೆ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆ) ಬಿಗಿಯುವ ಬದಲು ಗಿಡ್ಡನೆಯ ಸ್ಟೀಲ್ ಹೆಣಿಗೆಯ ಹೋಸ್ ಮೂಲಕ ಬಾಡಿಗೆ ಕೂರಿಸಿದರೆ ಕಂಪನದ ಕಾಟ ತಪ್ಪುತ್ತದೆ. ಥ್ರೆಡ್ಡಿಗೆ ಪ್ಲಂಬಿಂಗ್ ಟೇಪ್ ಸುತ್ತಬೇಡಿ. ಅದರ ಎಳೆಯೊಂದು ಹರಿದು ಇಂಜೆಕ್ಟರ್ ಬಾಯಿಗೆ ಸಿಕ್ಕಿಕೊಂಡರೆ ಇನ್ನೊಂದು ರೋಗ ನೀವೇ ತಂದುಕೊಂಡಂತೆ; ಪೆಟ್ರೋಲಿಗೆ ಕರಗದ ದ್ರವ ಸೀಲೆಂಟ್ ಬಳಸಿ. ಲೈನ್ ಬಿಚ್ಚುವ ಮೊದಲು ಪಂಪಿನ ಫ್ಯೂಸ್ ಕಿತ್ತು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಬ್ಯಾಟರಿಯ ನೆಗೆಟಿವ್ ತೆಗೆಯಿರಿ, ಬೆಂಕಿ ನಂದಿಸುವ ಸಿಲಿಂಡರ್ ಕೈಗೆಟುಕುವಂತಿರಲಿ.

ಈಗ ಅಂಕಿಗೆ ಬರೋಣ. ರಿಟರ್ನ್ ಲೈನ್ (ಹೆಚ್ಚಾದ ಪೆಟ್ರೋಲ್ ಟ್ಯಾಂಕಿಗೆ ಮರಳುವ ಪೈಪ್) ಇರುವ, ವ್ಯಾಕ್ಯೂಮ್ ಹೋಸ್ ಜೋಡಿಸಿದ ರೆಗ್ಯುಲೇಟರ್ ಇರುವ ಟರ್ಬೊ ಗಾಡಿ ಎಂದುಕೊಳ್ಳಿ, ಸುಬಾರು ಡಬ್ಲ್ಯೂಆರ್‌ಎಕ್ಸ್‌ನಂಥದ್ದು. ಬೇಸ್ ಪ್ರೆಷರ್ 3 ಬಾರ್, ಅಂದರೆ 43.5 ಪಿಎಸ್ಐ. ಇದನ್ನು ಅಳೆಯುವುದು ಐಡಲಿಂಗಿನಲ್ಲಿ, ರೆಗ್ಯುಲೇಟರಿನ ಹೋಸ್ ಕಳಚಿ, ಹೋಸಿನ ಬಾಯಿ ಮುಚ್ಚಿ. ಹೋಸ್ ಮತ್ತೆ ಹಾಕಿದರೆ ಮ್ಯಾನಿಫೋಲ್ಡಿನ (ಎಂಜಿನ್ನಿಗೆ ಗಾಳಿ ಹಂಚುವ ಕೊಳವೆ) ವ್ಯಾಕ್ಯೂಮ್ ಎಷ್ಟೋ ಅಷ್ಟು ಪ್ರೆಷರ್ ಇಳಿಯಬೇಕು. ಮಂಗಳೂರಿನಲ್ಲಿ 2.35ರ ಹತ್ತಿರ ಬರುವ ಗಾಡಿ ಬೆಂಗಳೂರಿನಲ್ಲಿ 2.45ರ ಹತ್ತಿರ ತೋರಿಸಿದರೆ ಗಾಬರಿ ಬೇಡ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರ, ಹೊರಗಾಳಿಯ ಒತ್ತಡವೇ ಸುಮಾರು 0.1 ಬಾರ್ ಕಡಿಮೆ, ಹಾಗಾಗಿ ಅದೇ ಐಡಲಿಂಗಿಗೆ ವ್ಯಾಕ್ಯೂಮೂ ಅಷ್ಟೇ ಕಡಿಮೆ.

ಬೂಸ್ಟ್ ಬಂದಾಗ ಲೆಕ್ಕ ತಿರುಗುತ್ತದೆ. ಇಂಜೆಕ್ಟರಿನ ಒಂದು ತುದಿಯಲ್ಲಿ ರೈಲಿನ ಪ್ರೆಷರ್, ಇನ್ನೊಂದು ತುದಿಯಲ್ಲಿ ಮ್ಯಾನಿಫೋಲ್ಡಿನ ಪ್ರೆಷರ್. ಪೆಟ್ರೋಲನ್ನು ತಳ್ಳುವುದು ಇವೆರಡರ ವ್ಯತ್ಯಾಸ. 1 ಬಾರ್ ಬೂಸ್ಟಿಗೆ ರೈಲಿನಲ್ಲಿ 4 ಬಾರ್ ಕಾಣಬೇಕು. 3.4ಕ್ಕೇ ನಿಂತಿತು ಎನ್ನಿ. ಮುಳ್ಳು ಬೇಸ್‌ಗಿಂತ ಮೇಲೇ ಇದೆಯಲ್ಲ, ಪ್ರೆಷರ್ ಚೆನ್ನಾಗಿದೆ ಎಂದು ಎಷ್ಟೋ ಗ್ಯಾರೇಜಿನಲ್ಲಿ ಬಿಟ್ಟುಬಿಡುತ್ತಾರೆ. ನಿಜವಾದ ವ್ಯತ್ಯಾಸ ಈಗ 2.4 ಬಾರ್ ಮಾತ್ರ. ಹರಿವು ವ್ಯತ್ಯಾಸದ ವರ್ಗಮೂಲಕ್ಕೆ ತಕ್ಕಂತೆ ಬದಲಾಗುತ್ತದೆ: 2.4 ಭಾಗಿಸು 3, ಅಂದರೆ 0.8, ಅದರ ವರ್ಗಮೂಲ 0.894. ಪೆಟ್ರೋಲ್ ಶೇ. 10.6 ಕಡಿಮೆ. ಲ್ಯಾಂಬ್ಡಾ 0.80 ಇರಬೇಕಾದ ಕಡೆ 0.895, ಪೆಟ್ರೋಲ್ ಸ್ಕೇಲಿನಲ್ಲಿ 11.8 ಇರಬೇಕಾದದ್ದು 13.1. ವೈಡ್‌ಬ್ಯಾಂಡಿನಲ್ಲಿ ಕಂಡ ಅಂಕಿ ಈ ಲೆಕ್ಕಕ್ಕೆ ತಾಳೆಯಾದರೆ ಮ್ಯಾಪಿಗೆ ಕೈ ಹಾಕುವಂತಿಲ್ಲ, ತಪ್ಪು ಪೂರ್ತಿ ಪೆಟ್ರೋಲ್ ಪೂರೈಕೆಯದು. ಎರಡು ಗೇಜಿನ ಹಣ ವಾಪಸ್ ಬರುವುದು ಇಂಥ ಒಂದೇ ಲೆಕ್ಕದಲ್ಲಿ. ಮ್ಯಾಪಿನಲ್ಲಿ ಪಲ್ಸ್ ಉದ್ದ ಮಾಡಿ ಅಂಕಿ ಸರಿಮಾಡಿದರೆ, ಸೋಲುತ್ತಿರುವ ಪಂಪ್ ಇನ್ನಷ್ಟು ಸೋತ ದಿನ ಪಿಸ್ಟನ್ ಕರಗುತ್ತದೆ.

ಪ್ರೆಷರ್ ಕುಸಿಯುವ ರೀತಿಯಲ್ಲೇ ಕಾರಣ ಅಡಗಿದೆ. ಬೂಸ್ಟ್ ಎಷ್ಟೇ ಏರಲಿ, ರೈಲಿನ ಪ್ರೆಷರ್ 3 ಬಾರಿಗೇ ಅಂಟಿಕೊಂಡು ಅಲುಗದಿದ್ದರೆ ರೆಗ್ಯುಲೇಟರಿಗೆ ಬೂಸ್ಟ್ ತಲುಪುತ್ತಿಲ್ಲ: ಹೋಸ್ ಕಳಚಿದೆ, ಸೀಳಿದೆ, ಅಥವಾ ತಪ್ಪು ಜಾಗದಿಂದ ತೆಗೆದಿದ್ದಾರೆ. ಕೈಪಂಪಿನಿಂದ ಆ ಪೋರ್ಟಿಗೆ 10 ಪಿಎಸ್ಐ ಕೊಟ್ಟು ನೋಡಿ, ರೈಲೂ ಅಷ್ಟೇ 10 ಏರಬೇಕು. ಏರದಿದ್ದರೆ ರೆಗ್ಯುಲೇಟರ್ ಹೋಗಿದೆ. ಹೋಸ್ ಕಳಚಿದಾಗ ಒಳಗೆ ಪೆಟ್ರೋಲ್ ಒದ್ದೆ ಕಂಡರೆ ಡಯಾಫ್ರಮ್ ಹರಿದಿದೆ. ಐಡಲಿಂಗಿನಲ್ಲಿ ಮಾತ್ರ ವಿಪರೀತ ರಿಚ್ ಆಗುವ ಗಾಡಿಗಳಲ್ಲಿ ಇದನ್ನು ಮೊದಲೇ ನೋಡುವುದು ಒಳಿತು.

ಬೂಸ್ಟಿನ ಜೊತೆ ಪ್ರೆಷರ್ ಸರಿಯಾಗಿ ಏರಿ, ಆರ್‌ಪಿಎಂ ಮೇಲೆ ಹೋದಂತೆ ನಿಧಾನವಾಗಿ ಬಾಗಿದರೆ ಪೂರೈಕೆಯ ಪ್ರಮಾಣವೇ ಸಾಲುತ್ತಿಲ್ಲ. ಇಲ್ಲಿ ಎಲ್ಲರೂ ದೊಡ್ಡ ಪಂಪ್ ತರಲು ಓಡುತ್ತಾರೆ. ಮೊದಲು ಮಲ್ಟಿಮೀಟರ್ ತೆಗೆಯಿರಿ. ಒಂದು ತುದಿ ಬ್ಯಾಟರಿಯ ಪಾಸಿಟಿವ್, ಇನ್ನೊಂದು ಪಂಪಿನ ಪಾಸಿಟಿವ್. ಪಂಪ್ ಓಡುತ್ತಿರುವಾಗ ಕಾಣುವ ಅಂಕಿ ವೈರಿನಲ್ಲಿ ಕಳೆದುಹೋದ ವೋಲ್ಟೇಜ್. ನೆಗೆಟಿವ್ ಕಡೆಗೂ ಹಾಗೇ ಮಾಡಿ. ಒಂದೊಂದು ಕಡೆ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಅಲ್ಲೇ ನಿಲ್ಲಿ. 10 ಆಂಪಿಯರ್ ಎಳೆಯುವ ಪಂಪಿಗೆ ತುಕ್ಕು ಹಿಡಿದ ಅರ್ಥಿಂಗಿನ 0.2 ಓಮ್ ಸಿಕ್ಕರೂ 2 ವೋಲ್ಟ್ ಹೋಯಿತು. ವಾಲ್ಬ್ರೊ 255 ಎಂದು ಕೊಂಡ ಪಂಪಿನ ಗಂಟೆಗೆ 255 ಲೀಟರ್ ಎಂಬುದು ಕಡಿಮೆ ಪ್ರೆಷರಿನಲ್ಲಿ, 13.5 ವೋಲ್ಟ್ ಸಿಕ್ಕಾಗಿನ ಲೆಕ್ಕ; ವೋಲ್ಟೇಜ್ ಇಳಿದಂತೆ, ಪ್ರೆಷರ್ ಏರಿದಂತೆ ಅದು ಕುಗ್ಗುತ್ತದೆ. ಹಳೆಯ ಕಾರ್ಖಾನೆ ವೈರಿಗೇ ದೊಡ್ಡ ಪಂಪ್ ಜೋಡಿಸಿದ ಗಾಡಿಗಳಲ್ಲಿ, ಬ್ಯಾಟರಿಯಿಂದ ನೇರ 4 ಚದರ ಮಿಲಿಮೀಟರ್ ವೈರ್, ಫ್ಯೂಸ್, ರಿಲೇ ಮತ್ತು ಬಾಡಿಗೆ ಹೊಸ ಅರ್ಥ್ ಹಾಕಿದರೆ ಸಾಕು, ಕುಸಿದ ಪ್ರೆಷರ್ ಎದ್ದು ನಿಲ್ಲುವುದುಂಟು. ಅದಾದ ಮೇಲೆ ಫಿಲ್ಟರ್, ಟ್ಯಾಂಕಿನೊಳಗಿನ ಜಾಲರಿ. ಫಿಲ್ಟರಿಗೆ ಮೊದಲು ಮತ್ತು ಆಮೇಲೆ ಎರಡೂ ಕಡೆ ಪ್ರೆಷರ್ ಅಳೆದರೆ ವಾದಕ್ಕೆ ಜಾಗವಿರುವುದಿಲ್ಲ.

ಚಕ್ಕನೆ ಬಿದ್ದು ಮತ್ತೆ ಎದ್ದರೆ ಬೇರೆ ಕಥೆ. ಟ್ಯಾಂಕಿನಲ್ಲಿ ಕಾಲು ಭಾಗ ಪೆಟ್ರೋಲ್ ಇದ್ದು, ಘಾಟಿಯ ಹೇರ್‌ಪಿನ್ ತಿರುವಿನಿಂದ ಹೊರಬರುತ್ತಾ ಥ್ರಾಟಲ್ ಕೊಟ್ಟಾಗ ಬೀಳುತ್ತಿದ್ದರೆ ಪೆಟ್ರೋಲ್ ಒಂದು ಮೂಲೆಗೆ ಸರಿದು ಪಂಪ್ ಗಾಳಿ ಕುಡಿಯುತ್ತಿದೆ. ಟ್ಯಾಂಕ್ ತುಂಬಿಸಿ ಅದೇ ಸ್ಥಿತಿಯಲ್ಲಿ ನೋಡಿ. ಮಾಯವಾದರೆ ಬೇಕಿರುವುದು ಸರ್ಜ್ ಟ್ಯಾಂಕ್ (ಪಂಪಿಗೆ ಸದಾ ಪೆಟ್ರೋಲ್ ಸಿಗುವಂತೆ ನಡುವೆ ಇಡುವ ಚಿಕ್ಕ ಟ್ಯಾಂಕ್), ಹೊಸ ಪಂಪ್ ಅಲ್ಲ.

ಪ್ರೆಷರ್ ಸರಿಯಿದ್ದೂ ಲೀನ್ ಆದರೆ? ಮೊದಲ ಸಂಶಯ ಇಂಜೆಕ್ಟರ್ ಮೇಲೆ. 7000 ಆರ್‌ಪಿಎಂನಲ್ಲಿ ಒಂದು ಪೂರ್ತಿ ಸೈಕಲ್ಲಿಗೆ ಸಿಗುವ ಸಮಯ 17.1 ಮಿಲಿಸೆಕೆಂಡ್. ಲಾಗಿನಲ್ಲಿ ಪಲ್ಸ್ 15 ಇದ್ದರೆ ಡ್ಯೂಟಿ, ಅಂದರೆ ಇಂಜೆಕ್ಟರ್ ತೆರೆದಿರುವ ಸಮಯದ ಪಾಲು, ಶೇ. 87 ದಾಟಿತು, ಇನ್ನು ಕೊಡಲು ಅದರ ಬಳಿ ಏನೂ ಉಳಿದಿಲ್ಲ. ಇ20 ಬಂದ ಮೇಲೆ ಅಂಚಿನಲ್ಲಿದ್ದ ಎಷ್ಟೋ ಇಂಜೆಕ್ಟರ್‌ಗಳು ಹೀಗೇ ಸೋತಿವೆ, ಅದೇ ಶಕ್ತಿಗೆ ಹೆಚ್ಚು ಇಂಧನ ಬೇಕಲ್ಲ.

ಎರಡನೆಯದು ಸುಳ್ಳು ಲೀನ್. ಪ್ಲಗ್ ಮಿಸ್ ಹೊಡೆದರೆ ಪೆಟ್ರೋಲೂ ಉರಿಯುವುದಿಲ್ಲ, ಆಮ್ಲಜನಕವೂ ಉರಿಯುವುದಿಲ್ಲ. ಎರಡೂ ಪೈಪಿಗೆ ಬರುತ್ತವೆ. ಸೆನ್ಸರ್ ಆ ಆಮ್ಲಜನಕ ನೋಡಿ ಲೀನ್ ಎನ್ನುತ್ತದೆ. ಪ್ರೆಷರ್ ಗೆರೆ ನೇರ, ಲ್ಯಾಂಬ್ಡಾ ಗೆರೆ ಗರಗಸದ ಹಲ್ಲಿನಂತೆ, ಗಾಡಿ ಜರ್ಕ್ ಹೊಡೆಯುತ್ತಿದೆ: ಇದು ಸ್ಪಾರ್ಕ್. ಪೆಟ್ರೋಲ್ ಹೆಚ್ಚಿಸಿದರೆ ಇನ್ನಷ್ಟು ಕೆಡುತ್ತದೆ. ಪ್ಲಗ್ ಗ್ಯಾಪನ್ನು 0.8ರಿಂದ 0.6 ಮಿಲಿಮೀಟರಿಗೆ ಇಳಿಸಿ, ಕಾಯಿಲ್ ನೋಡಿ. ಸೆನ್ಸರಿಗಿಂತ ಮೊದಲು ಸೈಲೆನ್ಸರ್ ಪೈಪ್ ಲೀಕ್ ಇದ್ದರೂ ಐಡಲಿಂಗಿನಲ್ಲಿ ಹೊರಗಾಳಿ ಒಳಸೇರಿ ಲೀನ್ ಕಾಣುತ್ತದೆ, ಥ್ರಾಟಲ್ ಕೊಟ್ಟರೆ ಮಾಯ. ಇಸಿಯುವಿನ ಫ್ಯೂಯಲ್ ಟ್ರಿಮ್ ಶೇ. 5ರೊಳಗೆ ಆರಾಮಾಗಿದ್ದು ವೈಡ್‌ಬ್ಯಾಂಡ್ ಮಾತ್ರ 15.8 ಎನ್ನುತ್ತಿದ್ದರೆ ಗ್ಯಾಸ್ಕೆಟ್, ಬಂಗಿನ ವೆಲ್ಡಿಂಗ್ ತಡಕಾಡಿ.

ಟ್ರಿಮ್ ಅಂದಮೇಲೆ ಇನ್ನೊಂದು. ಐಡಲಿಂಗಿನಲ್ಲಿ ಟ್ರಿಮ್ ಶೇ. 15 ಏರಿ, 2500 ಆರ್‌ಪಿಎಂನಲ್ಲಿ ಸೊನ್ನೆಯ ಹತ್ತಿರ ಬಂದರೆ ವ್ಯಾಕ್ಯೂಮ್ ಲೀಕ್. ಲೋಡ್ ಹೆಚ್ಚಿದಂತೆ ಟ್ರಿಮ್ಮೂ ಏರಿದರೆ ಪೂರೈಕೆ ಅಥವಾ ಒಳಬರುವ ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರ್. ಏರ್‌ಫ್ಲೋ ಸೆನ್ಸರ್ ಇರುವ ಗಾಡಿಯಲ್ಲಿ ಬೂಸ್ಟ್ ಪೈಪ್ ಲೀಕಾದರೆ ಮಿಕ್ಸ್ಚರ್ ರಿಚ್ ಆಗುತ್ತದೆ: ಲೆಕ್ಕಕ್ಕೆ ಬಂದ ಗಾಳಿ ಎಂಜಿನ್ ತಲುಪಲೇ ಇಲ್ಲ. ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿನ ಮೇಲೆ ಓಡುವ ಗಾಡಿಯಲ್ಲಿ ಅದೇ ಲೀಕ್ ಮಿಕ್ಸ್ಚರ್ ಕೆಡಿಸುವುದಿಲ್ಲ, ಪಿಕಪ್ ಮಾತ್ರ ಹೋಗುತ್ತದೆ.

ಗಾಡಿ ನಿಲ್ಲಿಸಿದ ಮೇಲೆ ರೈಲಿನ ಪ್ರೆಷರ್ ಬೇಗ ಸೊನ್ನೆಯಾಗಿ, ಬೆಳಿಗ್ಗೆ ಸ್ಟಾರ್ಟ್ ತಡವಾಗುತ್ತಿದ್ದರೆ ರಬ್ಬರ್ ಭಾಗದಲ್ಲಿ ರಿಟರ್ನ್ ಹೋಸ್ ಹಿಸುಕಿ ನೋಡಿ. ಪ್ರೆಷರ್ ನಿಂತರೆ ರೆಗ್ಯುಲೇಟರ್. ಸಪ್ಲೈ ಹೋಸ್ ಹಿಸುಕಿದಾಗ ನಿಂತರೆ ಪಂಪಿನ ಚೆಕ್ ವಾಲ್ವ್. ಎರಡಕ್ಕೂ ನಿಲ್ಲದಿದ್ದರೆ ಇಂಜೆಕ್ಟರ್ ತೊಟ್ಟಿಕ್ಕುತ್ತಿದೆ.

ಯಾವ ಗಾಡಿಗೆ ಬೇಡ

ಮೇಲಿನದೆಲ್ಲ ರಿಟರ್ನ್ ಲೈನ್ ಇರುವ ಪೋರ್ಟ್ ಇಂಜೆಕ್ಷನ್ (ಸಿಲಿಂಡರಿನ ಹೊರಗೆ, ಗಾಳಿದಾರಿಯಲ್ಲಿ ಪೆಟ್ರೋಲ್ ಸಿಂಪಡಿಸುವ) ಗಾಡಿಗಳ ಮಾತು. ರೆಗ್ಯುಲೇಟರ್ ಟ್ಯಾಂಕಿನೊಳಗೇ ಇದ್ದು ರಿಟರ್ನ್ ಲೈನ್ ಇಲ್ಲದ ಗಾಡಿಗಳಲ್ಲಿ ರೈಲಿನ ಪ್ರೆಷರ್ ಬೂಸ್ಟಿನ ಜೊತೆ ಏರುವುದೇ ಇಲ್ಲ. 3.5 ಬಾರಿಗೆ ಕಟ್ಟಿದ ರೈಲು 1 ಬಾರ್ ಬೂಸ್ಟಿನಲ್ಲೂ 3.5 ತೋರಿಸುವುದೇ ಸರಿ, ವ್ಯತ್ಯಾಸ 2.5 ಎಂಬುದು ಇಸಿಯುಗೆ ಗೊತ್ತಿರುತ್ತದೆ. ಅಲ್ಲಿ ನೋಡಬೇಕಾದ್ದು ಗೆರೆ ಸಪಾಟಾಗಿದೆಯೇ ಎಂಬುದನ್ನಷ್ಟೇ.

ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ನಿನ, ಫೋಕ್ಸ್‌ವ್ಯಾಗನ್ ಬಳಗದ ಟಿಎಸ್ಐ ಗಾಡಿಗಳಿಗೆ ಹೊರಗಿನ ಪ್ರೆಷರ್ ಗೇಜ್ ಕೊಳ್ಳುವುದು ದಂಡ. ಅವುಗಳಲ್ಲಿ ಬರುವ ಮೂರನೆಯ ತಲೆಮಾರಿನ ಇಎ888 ಎಂಜಿನ್ನಿನ ರೈಲಿನಲ್ಲಿ ಪ್ರೆಷರ್ 200 ಬಾರ್ ಮುಟ್ಟುತ್ತದೆ. ಆ ಲೈನನ್ನು ಬಿಚ್ಚುವ ಯೋಚನೆಯೂ ಬೇಡ, ಅಷ್ಟು ಒತ್ತಡದ ಪೆಟ್ರೋಲ್ ಚರ್ಮ ಸೀಳಿ ಒಳಹೋಗುತ್ತದೆ. ಕಾರ್ಖಾನೆಯ ರೈಲ್ ಸೆನ್ಸರ್ ಇದ್ದೇ ಇದೆ. ಒಬಿಡಿ (ಗಾಡಿಯ ತಪಾಸಣಾ ಪ್ಲಗ್) ಮೂಲಕ ಇಸಿಯು ಕೇಳಿದ ಪ್ರೆಷರ್, ಸಿಕ್ಕ ಪ್ರೆಷರ್ ಎರಡನ್ನೂ ಲಾಗ್ ಮಾಡಿ. ಎರಡೂ ಗೆರೆ ಬೇರ್ಪಟ್ಟರೆ ಟ್ಯಾಂಕಿನ ಲೋ ಪ್ರೆಷರ್ ಪಂಪಿನಿಂದ ಶುರುಮಾಡಿ, ಆಮೇಲೆ ಕ್ಯಾಮ್‌ನಿಂದ ಓಡುವ ಹೈ ಪ್ರೆಷರ್ ಪಂಪ್. ಈ ಗಾಡಿಗಳಲ್ಲಿ ವೈಡ್‌ಬ್ಯಾಂಡ್ ಗೇಜೂ ಬಹಳ ಸಲ ಅಗತ್ಯವಿಲ್ಲ, ಕಾರ್ಖಾನೆಯದೇ ವೈಡ್‌ಬ್ಯಾಂಡ್ ಸೆನ್ಸರ್ ಲಾಗಿನಲ್ಲಿ ಸಿಗುತ್ತದೆ.

ಗೇಜಿನ ಮೇಲಿನ ನಮ್ಮ ತಕರಾರುಗಳು ಹೆಚ್ಚಿಲ್ಲ. ಡಿಸ್‌ಪ್ಲೇ 10ಕ್ಕಿಂತ ಕೆಳಗೆ ಹೋಗುವುದಿಲ್ಲ, ವಿಪರೀತ ರಿಚ್ ಆದಾಗ ಎಷ್ಟು ರಿಚ್ ಎಂದು ತಿಳಿಯಲು ಅನಲಾಗ್ ಲಾಗ್ ನೋಡಬೇಕು, ಅದು 8.5ರವರೆಗೆ ಇಳಿಯುತ್ತದೆ. ಗೇಜಿನೊಳಗೇ ಲಾಗಿಂಗ್ ಇಲ್ಲ. ಸೆನ್ಸರ್ ಸವೆಯುವ ಮಾಲು, ಟ್ಯೂನ್ ಮಾಡಿ ರಿಚ್ ಓಡಿಸುವ ಗಾಡಿಯಲ್ಲಿ ಇನ್ನೂ ಬೇಗ. ಸವೆದಿದೆಯೇ ಎಂದು ನೋಡಲು ಸುಲಭ ದಾರಿಯಿದೆ: ಮೂರನೇ ಗೇರಿನಲ್ಲಿ 4000 ಆರ್‌ಪಿಎಂನಿಂದ ಆಕ್ಸಿಲರೇಟರ್ ಪೂರ್ತಿ ಬಿಡಿ. ಇಸಿಯು ಪೆಟ್ರೋಲ್ ನಿಲ್ಲಿಸುತ್ತದೆ, ಪೈಪಿನಲ್ಲಿ ಬರೀ ಗಾಳಿ. ಒಳ್ಳೆಯ ಸೆನ್ಸರ್ ಕ್ಷಣದಲ್ಲಿ ಪೂರ್ತಿ ಲೀನ್ ತುದಿಗೆ ಹೋಗಿ ನಿಲ್ಲುತ್ತದೆ. ತೆವಳುತ್ತಾ ಹೋದರೆ, ಅಥವಾ 17-18ರಲ್ಲೇ ಉಳಿದರೆ ಹೊಸದು ತರುವ ಕಾಲ ಬಂತು.

ಹಣ ಒಂದಕ್ಕೇ ಇದೆ ಎನ್ನುವವರು ಕೇಳುತ್ತಾರೆ, ಯಾವುದು ಮೊದಲು ಎಂದು. ರಿಟರ್ನ್ ಲೈನಿನ ಟರ್ಬೊ ಗಾಡಿಯಾಗಿದ್ದರೆ ವೈಡ್‌ಬ್ಯಾಂಡ್ ಮೊದಲು ಕೊಳ್ಳಿ, ಆದರೆ ಅದರ ಜೊತೆಗೇ ರೈಲಿಗೆ ಒಂದು ಟೀ ಫಿಟ್ಟಿಂಗ್ ಮತ್ತು 100 ಪಿಎಸ್ಐ ಸೆನ್ಸರ್ ಮಾತ್ರ ಹಾಕಿಸಿ. ಡ್ಯಾಶ್‌ಬೋರ್ಡಿನ ಗೇಜ್ ಆಮೇಲೆ ಬಂದರೂ ನಡೆಯುತ್ತದೆ; 5 ವೋಲ್ಟ್ ಕೊಟ್ಟು ಸಿಗ್ನಲ್ ವೈರಿಗೆ ಮಲ್ಟಿಮೀಟರ್ ಹಿಡಿದರೆ ಬೇಸ್ ಪ್ರೆಷರಿನಲ್ಲಿ 2.24 ವೋಲ್ಟ್, 1 ಬಾರ್ ಬೂಸ್ಟಿನಲ್ಲಿ 2.82 ವೋಲ್ಟ್ ಸಿಗಬೇಕು. ಡೈನೋ ಮೇಲೆ ಗಾಡಿ ಏರಿಸುವ ದಿನ ಆ ಒಂದು ವೈರನ್ನು ಡೈನೋದ ಅನಲಾಗ್ ಇನ್‌ಪುಟ್ಟಿಗೆ ಜೋಡಿಸಿಕೊಡಲು ಆಪರೇಟರನ್ನು ಕೇಳಿ.